ಸ್ವಯಂಚಾಲಿತ ಗೇರು ಮತ್ತು ಅದರ ಎಣ್ಣೆ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ಪದ್ಧತಿಯನ್ನು ಹಳ್ಳಿಯಲ್ಲಿ ಬೆಳೆದವರೆಲ್ಲರೂ ಬಲ್ಲರು. ಎಣ್ಣೆಯಾರಿದ ಗಾಡಿ ಕಿರುಗುಟ್ಟುವುದು, ಎತ್ತುಗಳಿಗೆ ಭಾರ ಹೆಚ್ಚುವುದು, ಅಚ್ಚು ಬೇಗನೆ ಸವೆಯುವುದು. ನಗರವಾಸಿಗಳಾದ ನೀವು ಎತ್ತಿನ ಗಾಡಿಯನ್ನು ಅಷ್ಟಾಗಿ ಕಂಡಿರಲಾರಿರಿ. ಮೋಟಾರುಗಾಡಿಯನ್ನಾದರೋ ನಿತ್ಯವೂ ಕಾಣುವಿರಿ. ಗೇರನ್ನು ತಾನೇ ಬದಲಿಸಿಕೊಳ್ಳುವ ಕಾರು ಕೆಲವೊಮ್ಮೆ ಜಗ್ಗುತ್ತ ಸಾಗುವುದೇಕೆ, ಎಣ್ಣೆ ಬದಲಿಸಿದರೆ ಅದು ಯಾವಾಗ ಸರಿಹೋಗುವುದು, ಯಾವಾಗ ಸರಿಹೋಗದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ಗೇರಿನ ಅವಶ್ಯಕತೆಯನ್ನು ನೋಡೋಣ. ನಿಂತ ಗಾಡಿಯನ್ನು ಎಳೆಯಲು ಹೆಚ್ಚು ಬಲ ಬೇಕು; ಓಡುವ ಗಾಡಿಗೆ ಬಲಕ್ಕಿಂತ ವೇಗ ಬೇಕು. ಎಂಜಿನ್ನಿನ ಶಕ್ತಿಯನ್ನು ಈ ಎರಡಕ್ಕೂ ಹೊಂದಿಸಿಕೊಡುವುದೇ ಗೇರಿನ ಕೆಲಸ. ನಮ್ಮ ಹೈದರಾಬಾದಿನಲ್ಲಿ 1932ರಲ್ಲಿ ನಿಜಾಮ್ ಸರಕಾರದ ರೈಲ್ವೆಯು 27 ಬಸ್ಸುಗಳನ್ನೂ 166 ಮಂದಿ ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿತು. ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳು 1956ರವರೆಗೂ ಇದೇ ಸಂಸ್ಥಾನದಲ್ಲಿದ್ದುವಾದುದರಿಂದ ಆ ಸಾರಿಗೆಯ ಚರಿತ್ರೆಯಲ್ಲಿ ಕನ್ನಡಿಗರಿಗೂ ಪಾಲುಂಟು. ಆ ಕಾಲದ ಬಸ್ಸುಗಳಲ್ಲಿ ಸಾಮಾನ್ಯವಾಗಿ ಚಾಲಕನು ಪ್ರತಿ ಗೇರಿಗೂ ಎರಡೆರಡು ಸಲ ಕ್ಲಚ್ಚನ್ನು ತುಳಿದು, ಚಕ್ರಗಳ ವೇಗವನ್ನು ಕಿವಿಯಿಂದಲೇ ಅಳೆದು ಹಲ್ಲಿಗೆ ಹಲ್ಲು ಕೂಡಿಸಬೇಕಾಗಿತ್ತು. ಕೈ ತಪ್ಪಿದರೆ ಹಲ್ಲುಗಳು ಕರಕರನೆ ಕಡಿಯುತ್ತಿದ್ದುವು.

ಈ ಶ್ರಮವನ್ನು ತಪ್ಪಿಸಲು ನೆರವಾದುದು ಎಣ್ಣೆ. ಹೆರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರನು 1905ರಲ್ಲಿ ಹಡಗುಗಳಿಗಾಗಿ ದ್ರವದ ಮೂಲಕ ಶಕ್ತಿಯನ್ನು ಸಾಗಿಸುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಎದುರೆದುರಾಗಿ ಎರಡು ಬೀಸಣಿಗೆಗಳನ್ನಿಟ್ಟು ಒಂದನ್ನು ಮಾತ್ರ ವಿದ್ಯುತ್ತಿನಿಂದ ತಿರುಗಿಸಿರಿ. ಅದರ ಗಾಳಿಯಿಂದ ಎರಡನೆಯದೂ ತಿರುಗತೊಡಗುವುದು. ಗಾಳಿಯ ಬದಲು ಎಣ್ಣೆಯನ್ನು ಭಾವಿಸಿಕೊಂಡರೆ ತತ್ತ್ವ ತಿಳಿಯಿತು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1939ರಲ್ಲಿ ಇಂತಹ ದ್ರವಸಂಧಿಯುಳ್ಳ ಸ್ವಯಂಚಾಲಿತ ಗೇರನ್ನು ತನ್ನ ಕಾರುಗಳಲ್ಲಿ ಮಾರಾಟಕ್ಕೆ ತಂದಿತು.

ಈ ಪೆಟ್ಟಿಗೆಯೊಳಗಿನ ಎಣ್ಣೆ ನಾಲ್ಕು ಕೆಲಸಗಳನ್ನು ಮಾಡುವುದು. ಒಂದು, ಎಂಜಿನ್ನಿನ ಶಕ್ತಿಯನ್ನು ಗೇರಿಗೆ ಸಾಗಿಸುವುದು. ಎರಡು, ಒತ್ತಡಕ್ಕೊಳಗಾಗಿ ಸಣ್ಣ ಸಣ್ಣ ಕವಾಟಗಳ ಮೂಲಕ ಹರಿದು ಕ್ಲಚ್ಚಿನ ತಟ್ಟೆಗಳನ್ನು ಒತ್ತಿ ಹಿಡಿಯುವುದು. ಮೂರು, ಉಜ್ಜುವ ಭಾಗಗಳು ಸವೆಯದಂತೆ ಕಾಯುವುದು. ನಾಲ್ಕು, ಹುಟ್ಟಿದ ಶಾಖವನ್ನು ಹೊರಕ್ಕೆ ಒಯ್ಯುವುದು. ಇದರಲ್ಲೊಂದು ಸೂಕ್ಷ್ಮವಿದೆ. ಕ್ಲಚ್ಚಿನ ತಟ್ಟೆಗಳು ಎಣ್ಣೆಯಲ್ಲಿ ಮುಳುಗಿದ್ದುಕೊಂಡೇ ಒಂದನ್ನೊಂದು ಹಿಡಿಯಬೇಕು. ಎಣ್ಣೆ ಅತಿಯಾಗಿ ಜಾರಿದರೆ ಹಿಡಿತ ಸಿಕ್ಕದು. ಜಾರಿಕೆ ಸಾಲದಿದ್ದರೆ ತಟ್ಟೆಗಳು ತಟ್ಟನೆ ಕಚ್ಚಿಕೊಂಡು ಗಾಡಿ ಜಗ್ಗುವುದು. ಈ ಹದವನ್ನು ಕೊಡಲು ಎಣ್ಣೆಯಲ್ಲಿ ಕೆಲವು ಮಿಶ್ರಣಗಳನ್ನು ಸೇರಿಸಿರುವರು. ಹಿಂದೆ ಅದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದರು! ಆ ಪ್ರಾಣಿಯ ಕುಲವೇ ಅಳಿಯುವ ಸ್ಥಿತಿಗೆ ಬಂದುದರಿಂದ 1970ರ ದಶಕದ ಆರಂಭದಲ್ಲಿ ಅಮೆರಿಕವು ಅದನ್ನು ನಿಷೇಧಿಸಿತು. ರಸಾಯನಶಾಸ್ತ್ರಜ್ಞರು ಬೇರೆ ವಸ್ತುಗಳನ್ನು ಕಂಡುಹಿಡಿಯಬೇಕಾಯಿತು.

ಎಣ್ಣೆಗೆ ಮುಖ್ಯ ಶತ್ರು ಶಾಖ. ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಎಣ್ಣೆಯು ಆಮ್ಲಜನಕದೊಡನೆ ಕೂಡಿ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುವುದೆಂದು ಲೆಕ್ಕ. ಮೇ ತಿಂಗಳಲ್ಲಿ ನಮ್ಮ ನಗರದ ಬಿಸಿಲು 40 ಡಿಗ್ರಿಯನ್ನು ದಾಟುವುದುಂಟು. ಆಗ ಅಮೀರ್‌ಪೇಟೆ, ಪಂಜಗುಟ್ಟ ಮೊದಲಾದ ಕಡೆಗಳ ದಟ್ಟಣೆಯಲ್ಲಿ ನಿಂತು ನಿಂತು ಹೋಗುವ ಕಾರಿನ ಎಣ್ಣೆಗೆ ವಿಶ್ರಾಂತಿಯಿಲ್ಲ. ಕ್ರಮೇಣ ಮಿಶ್ರಣಗಳ ಗುಣ ಕುಂದುವುದು. ಅರಗಿನಂತಹ ಪೊರೆ ಕಟ್ಟಿ ಕವಾಟಗಳು ಅಂಟುವುವು. ಗೇರು ತಡವಾಗಿಯೋ ಜಗ್ಗಿಯೋ ಬದಲಾಗುವುದು.

ಇಂತಹುದೇ ಒಂದು ಸಂಗತಿ ನಮ್ಮ ಗಮನಕ್ಕೆ ಬಂದಿತು. ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯವರಿಗೆ ಬಾಡಿಗೆಯ ಕಾರೊಂದೇ ಜೀವನಾಧಾರ. ಅದು ಗೇರು ಬದಲಿಸುವಾಗ ಜಗ್ಗತೊಡಗಿತು. ಪೆಟ್ಟಿಗೆಯನ್ನೇ ಬಿಚ್ಚಬೇಕೆಂದು ಒಬ್ಬ ಮೆಕ್ಯಾನಿಕನು ಹೇಳಿದನು. ಹಾಗೆ ಮಾಡಿಸಿದರೆ ಕೈಯಲ್ಲಿದ್ದ ಹಣವೆಲ್ಲ ತೀರುವುದು, ವಾರಗಟ್ಟಲೆ ಸಂಪಾದನೆಯೂ ನಿಲ್ಲುವುದು. ಹುಡುಗನು ಕಾರಿನ ಇಂಗ್ಲಿಷ್ ಕೈಪಿಡಿಯನ್ನು ನಮ್ಮ ಬಳಿಗೆ ತಂದನು. ನಿಘಂಟನ್ನು ಮುಂದಿಟ್ಟುಕೊಂಡು ಓದಿದಾಗ, ಬಿಸಿಲು, ದಟ್ಟಣೆ, ಬಾಡಿಗೆಯ ಓಡಾಟ ಇವುಗಳಿದ್ದಲ್ಲಿ ಎಣ್ಣೆಯನ್ನು ಬೇಗನೆ ಬದಲಿಸತಕ್ಕದ್ದೆಂದು ಅದರಲ್ಲಿಯೇ ಬರೆದಿತ್ತು. ಮತ್ತೊಬ್ಬ ಅನುಭವಸ್ಥ ಮೆಕ್ಯಾನಿಕರು ಎಣ್ಣೆಯನ್ನು ಪರೀಕ್ಷಿಸಿದರು. ಅದರ ಕೆಂಪು ಬಣ್ಣ ಕಂದಾಗಿತ್ತು. ಆದರೆ ಸುಟ್ಟ ವಾಸನೆಯಿರಲಿಲ್ಲ, ಲೋಹದ ಚೂರುಗಳಿರಲಿಲ್ಲ. ಎಣ್ಣೆಯನ್ನೂ ಶೋಧಕವನ್ನೂ ಬದಲಿಸಿದ ಮೇಲೆ ಜಗ್ಗುವಿಕೆ ಬಹುಮಟ್ಟಿಗೆ ಶಮನವಾಯಿತು. ಕಾರು ಮರುದಿನವೇ ಬಾಡಿಗೆಗೆ ಹೊರಟಿತು.

ಇದರಿಂದ ಎಣ್ಣೆಯೇ ಸರ್ವರೋಗಕ್ಕೂ ಮದ್ದೆಂದು ತಿಳಿಯಬಾರದು. ಎಂಜಿನ್ನು ಭೋರ್ಗರೆದರೂ ಗಾಡಿ ಮುಂದೆ ಸಾಗದಿದ್ದರೆ, ಎಣ್ಣೆ ಕಪ್ಪಾಗಿ ಸುಟ್ಟು ನಾರುತ್ತಿದ್ದರೆ, ಚೂರುಗಳು ಕಂಡರೆ, ತಟ್ಟೆಗಳೇ ಸವೆದಿರುವುವೆಂದು ಶಂಕಿಸಬೇಕು. ಸವೆದ ತಟ್ಟೆಯನ್ನು ಹೊಸ ಎಣ್ಣೆಯು ಬೆಳೆಸಲಾರದು. ಅಲ್ಲದೆ ಸ್ವಯಂಚಾಲಿತ ಗೇರುಗಳೆಲ್ಲ ಒಂದೇ ಜಾತಿಯವಲ್ಲ. 2014ರಿಂದ ನಮ್ಮ ದೇಶದಲ್ಲಿ ಹರಡಿದ ಎ.ಎಂ.ಟಿ. ಎಂಬುದರಲ್ಲಿ ಇರುವುದು ಸಾಮಾನ್ಯ ಗೇರೇ. ಕ್ಲಚ್ಚನ್ನು ತುಳಿಯುವುದನ್ನೂ ಗೇರನ್ನು ಬದಲಿಸುವುದನ್ನೂ ಯಂತ್ರವೇ ಮಾಡುವುದು. ಸಿ.ವಿ.ಟಿ. ಎಂಬುದರಲ್ಲಿ ರಾಟೆಗಳೂ ಪಟ್ಟಿಯೂ ಇರುವುವು. ಒಂದರ ಎಣ್ಣೆ ಮತ್ತೊಂದಕ್ಕೆ ಸಲ್ಲದು. ಕೈಪಿಡಿಯಲ್ಲಿ ಹೇಳಿದುದನ್ನೇ ಹಾಕತಕ್ಕದ್ದು.

ಇನ್ನು ಬದಲಿಸುವ ಕ್ರಮ. ಇದು ಬಲ್ಲವರು ಮಾಡತಕ್ಕ ಕೆಲಸ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ನುಸುಳುವುದು ಪ್ರಾಣಕ್ಕೆ ಅಪಾಯ. ಗಾಡಿಯನ್ನು ಸಮನೆಲದಲ್ಲಿ ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಎಣ್ಣೆ ಉಗುರುಬೆಚ್ಚಗಿರುವಾಗ ತಳದ ಬಿರಡೆಯನ್ನು ಬಿಚ್ಚಿ ಇಳಿಸಿ, ಇಳಿದುದನ್ನು ಅಳೆದಿಡಬೇಕು. ತಳದ ತಟ್ಟೆಯನ್ನೂ ಅದರಲ್ಲಿರುವ ಅಯಸ್ಕಾಂತವನ್ನೂ ಒರೆಸಿ, ಶೋಧಕವನ್ನು ಬದಲಿಸಿ, ಇಳಿದಷ್ಟೇ ಹೊಸ ಎಣ್ಣೆಯನ್ನು ತುಂಬಬೇಕು. ಬಳಿಕ ಬ್ರೇಕನ್ನು ಒತ್ತಿ ಹಿಡಿದು, ಎಂಜಿನ್ನನ್ನು ನಡೆಸಿ, ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಿಗೂ ನಿಧಾನವಾಗಿ ಒಯ್ದು, ಹೇಳಿದ ಉಷ್ಣತೆಯಲ್ಲಿ ಮಟ್ಟವನ್ನು ನೋಡಬೇಕು. ಕಡಿಮೆಯಾದರೆ ಒತ್ತಡ ಸಾಲದು. ಹೆಚ್ಚಾದರೆ ನೊರೆಯೆದ್ದು ಹಿಡಿತ ತಪ್ಪುವುದು.

ಹೀಗೆ ಇಳಿಸಿದಾಗ ಎಣ್ಣೆಯೆಲ್ಲವೂ ಹೊರಬಾರದು; ದ್ರವಸಂಧಿಯಲ್ಲಿಯೂ ಕೊಳವೆಗಳಲ್ಲಿಯೂ ಸಾಕಷ್ಟು ಉಳಿಯುವುದು. ಅರ್ಧ ಮಾತ್ರ ಇಳಿಯುವುದೆಂದು ಭಾವಿಸೋಣ. ಮೊದಲ ಸಲ ಬದಲಿಸಿದಾಗ 1/2 ಭಾಗ ಹೊಸದು. ಗಾಡಿಯನ್ನು ಸ್ವಲ್ಪ ಓಡಿಸಿ ಎರಡನೆಯ ಸಲ ಬದಲಿಸಿದರೆ 3/4 ಭಾಗ. ಮೂರನೆಯ ಸಲ 7/8 ಭಾಗ. ಎಷ್ಟು ಸಲ ಮಾಡಿದರೂ ಹಳೆಯದು ಪೂರ್ತಿ ಹೋಗದೆಂಬುದನ್ನು ಗಣಿತವೇ ತೋರಿಸುವುದು.

ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಲೇಬಾರದು. ನಮ್ಮ ಚರಂಡಿಗಳ ನೀರು ಮೂಸಿ ನದಿಯನ್ನು ಸೇರುವುದು; ಆ ನೀರಿನಿಂದ ಕೆಳಗಿನ ಹಳ್ಳಿಗಳ ರೈತರು ಹೊಲಗದ್ದೆಗಳನ್ನು ಬೆಳೆಯುವರು. ಅದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಬಳಸಿದ ಎಣ್ಣೆಯನ್ನು ಶುದ್ಧಿಮಾಡಲು ಪರವಾನಗಿ ಪಡೆದವರಿಗೆ ಕೊಡತಕ್ಕದ್ದು.

ಅಭ್ಯಾಸ: (1) ಎಣ್ಣೆಯು ಗೇರಿನ ಪೆಟ್ಟಿಗೆಯಲ್ಲಿ ಮಾಡುವ ನಾಲ್ಕು ಕೆಲಸಗಳಾವುವು? (2) ಒಂದು ಸಲಕ್ಕೆ 1/3 ಭಾಗ ಮಾತ್ರ ಇಳಿಯುವುದಾದರೆ ಮೂರು ಸಲದ ಬಳಿಕ ಉಳಿಯುವ ಹಳೆಯ ಎಣ್ಣೆಯೆಷ್ಟು? (3) ನಿಮ್ಮ ಮನೆಯಲ್ಲಿರುವ ಯಾವುದಾದರೂ ಯಂತ್ರದ ಕೈಪಿಡಿಯ ಒಂದು ಪುಟವನ್ನು ಕನ್ನಡದಲ್ಲಿ ಬರೆದು ಮನೆಯವರಿಗೆ ಓದಿ ಹೇಳಿರಿ.