ರೆಕ್ಕೆಗೊಂದು ಪಕ್ಕೆಲುಬು ಮಾಡುವುದು ಹೀಗೆ

ಶಾಂಪೂ ಪ್ಯಾಕೆಟ್ಟಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅದಿದ್ದರೆ ಒದ್ದೆ ಕೈಯಲ್ಲೂ ಪ್ಯಾಕೆಟ್ ಸರ್ರನೆ ಹರಿಯುತ್ತದೆ. ಇಲ್ಲದಿದ್ದರೆ ಹಲ್ಲಿಗೆ ಕೆಲಸ. ವಿಮಾನದ ತಗಡಿನ ಕೆಲಸಕ್ಕೆ ಕೈ ಹಾಕುವವರು ಮೊದಲು ಈ ಕಚ್ಚನ್ನು ನೆನಪಿಡಬೇಕು. ಹಾರುವಾಗ ರೆಕ್ಕೆಯ ತಗಡು ನಡುಗುತ್ತಲೇ ಇರುತ್ತದೆ. ಅಂಚಿನಲ್ಲೊಂದು ಕಚ್ಚೋ ಮೈಮೇಲೊಂದು ಗೀರೋ ಉಳಿದಿದ್ದರೆ ಬಿರುಕು ಹೊರಡುವುದು ಅಲ್ಲಿಂದಲೇ.

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲಿ ವಿಮಾನ ಕಟ್ಟುವುದು ಹಳೆಯ ಹವ್ಯಾಸ. ಇಂಥ ಹವ್ಯಾಸಿಗಳಿಗಾಗಿ ಪಾಲ್ ಪೋಬರೆಜ್ನಿ ಎಂಬವರು 1953ರಲ್ಲೇ ಸಂಘ ಕಟ್ಟಿದ್ದರು. ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹವ್ಯಾಸಿಗಳೇ ಮಾಡಿರಬೇಕು ಎಂಬುದು ಅಲ್ಲಿನ ನಿಯಮ. ಇಲ್ಲಿ ಹೇಳುತ್ತಿರುವುದು ಒಂದೇ ಭಾಗದ ಬಗ್ಗೆ: ರೆಕ್ಕೆಗೆ ಆಕಾರ ಕೊಡುವ ರಿಬ್, ಅಂದರೆ ಪಕ್ಕೆಲುಬು. ಇದು ಕೈಗೆ ಹತ್ತಿದರೆ ಉಳಿದ ತಗಡಿನ ಕೆಲಸ ಬಹುಪಾಲು ಬಂದಂತೆಯೇ.

ತಗಡು ನಕ್ಷೆಯಲ್ಲಿ ಬರೆದದ್ದೇ ಆಗಬೇಕು. ಪಾತ್ರೆ ಮಾಡುವ ಅಲ್ಯೂಮಿನಿಯಂ ಇಲ್ಲಿ ನಡೆಯದು. ಸಾಮಾನ್ಯವಾಗಿ ಬಳಸುವುದು 6061-ಟಿ6 ಇಲ್ಲವೇ 2024-ಟಿ3 ಎಂಬ ಮಿಶ್ರಲೋಹ. ಎರಡನೆಯದರಲ್ಲಿ ತಾಮ್ರ ಬೆರೆತಿರುವುದರಿಂದ ಬಲ ಹೆಚ್ಚು, ಆದರೆ ಬೇಗ ತುಕ್ಕು ಹಿಡಿದು ಹಾಳಾಗುತ್ತದೆ. ಅದಕ್ಕೇ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಹೊದಿಸಿದ ‘ಆಲ್‌ಕ್ಲ್ಯಾಡ್’ ಸಿಗುತ್ತದೆ. ಗೀರು ಬಿದ್ದರೆ ಆ ಹೊದಿಕೆ ಹೋಯಿತು. ಆದ್ದರಿಂದ ಗುರುತಿಗೆ ಮೊಳೆ ಬೇಡ, ಪೆನ್ಸಿಲ್ಲೂ ಬೇಡ. ಪೆನ್ಸಿಲ್ಲಿನ ಗ್ರಾಫೈಟ್ ತಗಡನ್ನು ತಿನ್ನುತ್ತದೆ. ಸಣ್ಣ ಮೊನೆಯ ಮಾರ್ಕರ್ ಸಾಕು. ಗೆರೆಯಿಂದ ಒಂದೆರಡು ಮಿ.ಮೀ. ಹೊರಗೆ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜಿ ಗೆರೆಗೆ ತನ್ನಿ. ಐಟಿಐನಲ್ಲಿ ಫಿಟ್ಟರ್ ಕಲಿತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಕಬ್ಬಿಣ ಉಜ್ಜಿದ ಅರವನ್ನು ಇದಕ್ಕೆ ಮುಟ್ಟಿಸಬೇಡಿ.

ಇನ್ನು ಅಚ್ಚು. ಗಟ್ಟಿ ಮರ ಅಥವಾ ಎಂಡಿಎಫ್‌ನಲ್ಲಿ ರಿಬ್ಬಿನ ಆಕಾರದ ಎರಡು ಹಲಗೆ ಮಾಡಿಕೊಂಡು, ನಡುವೆ ತಗಡಿಟ್ಟು ಬೋಲ್ಟ್ ಬಿಗಿಯಿರಿ. ಮಡಿಸುವ ಕಡೆಯ ಅಂಚನ್ನು ದುಂಡಾಗಿಸಿ. 2024-ಟಿ3ಗೆ ಆ ದುಂಡಿನ ತ್ರಿಜ್ಯ ತಗಡಿನ ದಪ್ಪದ ಮೂರ್ನಾಲ್ಕು ಪಟ್ಟು ಇರಲಿ. ಚೂಪು ಅಂಚಿನ ಮೇಲೆ ಮಡಿಸಿದರೆ ಬೆನ್ನಿನಲ್ಲೇ ಸೀಳುತ್ತದೆ. ಬಡಿದ ತಗಡು ಕೈ ಬಿಟ್ಟೊಡನೆ ತುಸು ಹಿಂದಕ್ಕೆ ಚಿಮ್ಮುತ್ತದೆ, ಹಾಗಾಗಿ ಅಚ್ಚಿನ ಬದಿಯನ್ನು ನಾಲ್ಕೈದು ಡಿಗ್ರಿ ಒಳಕ್ಕೆ ಕೆತ್ತಿ. ನೈಲಾನ್ ಸುತ್ತಿಗೆಯಲ್ಲೋ ಮರದ ಕೊಡತಿಯಲ್ಲೋ ಸಣ್ಣ ಏಟು ಕೊಡುತ್ತ ಉದ್ದಕ್ಕೂ ಸುತ್ತು ಬನ್ನಿ. ಒಂದೇ ಕಡೆ ಪೂರ್ತಿ ಮಡಿಸುವ ಆತುರ ಬೇಡ.

ನನ್ನ ಮೊದಲ ರಿಬ್ ಅಚ್ಚಿನಿಂದ ಹೊರಬಂದಾಗ ಬಾಳೆಹಣ್ಣಿನಂತೆ ಬಾಗಿತ್ತು. ಎಸೆಯಲು ಹೊರಟಿದ್ದೆ. ತಪ್ಪು ತಗಡಿನದಲ್ಲ. ಕಮಾನಿನ ಸುತ್ತ ಮಡಿಸಿದ ಅಂಚಿನಲ್ಲಿ ಲೋಹ ಹೆಚ್ಚಾಗಿ, ಹೋಗಲು ಜಾಗವಿಲ್ಲದೆ ಇಡೀ ರಿಬ್ಬನ್ನೇ ಬಾಗಿಸುತ್ತದೆ. ಫ್ಲೂಟಿಂಗ್ ಇಕ್ಕಳದಿಂದ ಆ ಅಂಚಿನಲ್ಲಿ, ರಿವೆಟ್ ಬರುವ ಜಾಗಗಳ ನಡುವೆ ಮಾತ್ರ, ಸೀರೆಯ ನಿರಿಗೆಯಂತೆ ಚಿಕ್ಕ ಮಡಿಕೆ ಹಾಕುತ್ತ ಹೋಗಿ. ಮೇಜಿನ ಮೇಲೆ ಅಲುಗದೆ ಕೂತರೆ ನಿಲ್ಲಿಸಿ.

ಇನ್ನು ರಿವೆಟ್ಟಿನ ತೂತು. ಅದನ್ನು ಮೊದಲು ಚಿಕ್ಕ ಬಿಟ್‌ನಲ್ಲಿ ಕೊರೆದು, ತಗಡುಗಳನ್ನು ಕ್ಲೀಕೋ ಎಂಬ ತಾತ್ಕಾಲಿಕ ಹಿಡಿಕೆಗಳಿಂದ ಜೋಡಿಸಿ ಹಿಡಿದು, ಆಮೇಲೆ ಪೂರ್ಣ ಅಳತೆಗೆ ತನ್ನಿ. ನಂತರ ಎಲ್ಲ ಬಿಚ್ಚಿ, ಪ್ರತಿ ತೂತಿನ ಬಾಯಿಯಲ್ಲಿ ಎದ್ದ ಸಿಬಿರನ್ನು ದೊಡ್ಡ ಬಿಟ್ ಕೈಯಲ್ಲೇ ಒಂದೆರಡು ಸುತ್ತು ತಿರುಗಿಸಿ ತೆಗೆಯಿರಿ. ಹೆಚ್ಚು ತಿರುಗಿಸಿದರೆ ತಗಡೇ ತೆಳುವಾಗುತ್ತದೆ. ಬೇಸರದ ಕೆಲಸ, ಒಂದು ರೆಕ್ಕೆಗೆ ಸಾವಿರಾರು ತೂತು. ಅಂಚಿನ ಮೇಲೆ ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡಲ್ಲಿ ಮತ್ತೆ ಉಜ್ಜಿ. ಉಕ್ಕಿನ ನಾರು ಮಾತ್ರ ಬೇಡ, ಅದರ ಕಣ ತಗಡಿನಲ್ಲಿ ನೆಟ್ಟು ಕೊರೆಯುತ್ತದೆ.

ಇದು ಅತಿಯಾಯಿತು ಎನಿಸಿದರೆ ಒರೆಗಾನ್‌ನ ವ್ಯಾನ್ಸ್ ಏರ್‌ಕ್ರಾಫ್ಟ್ ಕತೆ ಕೇಳಿ. ಆರ್‌ವಿ ವಿಮಾನಗಳ ಕಿಟ್ ಮಾಡುವ ಈ ಕಂಪನಿ ಕೆಲವು ಭಾಗಗಳ ತೂತುಗಳನ್ನು ಲೇಸರ್‌ನಲ್ಲಿ ಕತ್ತರಿಸಿತ್ತು. ರಿವೆಟ್ಟಿನ ತಲೆ ಕೂರಲೆಂದು ಆ ತೂತುಗಳ ಬಾಯಿಯನ್ನು ಬಟ್ಟಲಿನಂತೆ ಒತ್ತಿದಾಗ ಕೆಲವೆಡೆ ಬಿರುಕು ಕಂಡಿತು. ಲೇಸರ್ ಕೊರೆಯಲು ತೊಡಗಿ ಮುಗಿಸಿದ ಕಡೆ ಉಳಿದ ಪುಟ್ಟ ಕಚ್ಚೇ ಅದರ ಮೂಲ. 2023ರಲ್ಲಿ ಸಾವಿರಾರು ಭಾಗಗಳನ್ನು ಬದಲಿಸಿಕೊಡುವ ಹೊರೆ ಬಿತ್ತು. ಬೇರೆ ನಷ್ಟಗಳೂ ಸೇರಿ, ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಕಾನೂನಿನ ರಕ್ಷಣೆ ಕೋರಿತು.

ಸಿಬಿರು ತೆಗೆದ ಮೇಲೆ ತಗಡಿಗೆ ಪ್ರೈಮರ್ ಹೊಡೆಯುವಾಗ ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ, ಕ್ರೋಮೇಟ್ ಇದ್ದರಂತೂ ಕಡ್ಡಾಯ. ಅದು ಕ್ಯಾನ್ಸರ್ ತರುವ ವಸ್ತು. ಕಡೆಗೆ ರಿವೆಟ್. ಉದ್ದ ಎಂದರೆ ತಗಡುಗಳ ಒಟ್ಟು ದಪ್ಪ, ಜೊತೆಗೆ ರಿವೆಟ್ ವ್ಯಾಸದ ಒಂದೂವರೆ ಪಟ್ಟು. 1/8 ಇಂಚಿನ, ಅಂದರೆ 3.2 ಮಿ.ಮೀ. ರಿವೆಟ್ಟಿಗೆ ಬಡಿದ ತಲೆ 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಬಂದರೆ ಸರಿ. ತೂತಿನ ನಡುವಿನಿಂದ ತಗಡಿನ ಅಂಚಿಗೆ ಕನಿಷ್ಠ 6.4 ಮಿ.ಮೀ. ಬೇಕು. ಒಬ್ಬರು ರಿವೆಟ್ ಗನ್ ಹಿಡಿದರೆ ಇನ್ನೊಬ್ಬರು ಹಿಂದೆ ಉಕ್ಕಿನ ಗಟ್ಟಿ ಒತ್ತಿ ಹಿಡಿಯಬೇಕು. ತಲೆ ಓರೆಯಾಯಿತೇ? ಮತ್ತೆ ಮತ್ತೆ ಬಡಿಯಬೇಡಿ. ರಿವೆಟ್ಟಿಗೆ ಕಾರ್ಖಾನೆಯಲ್ಲೇ ಮಾಡಿದ ತಲೆಯ ನಡುವೆ ಕೊರೆದು, ತಲೆಯನ್ನು ಮುರಿದು, ಉಳಿದ ದಂಟನ್ನು ಹೊರದಬ್ಬಿ. ತೂತು ದೊಡ್ಡದಾಗಿದ್ದರೆ ಮುಂದಿನ ಅಳತೆಯ ರಿವೆಟ್ ಹಾಕಬಹುದು. ಅದಕ್ಕೆ ಅಂಚಿನ ದೂರ ಸಾಲದಿದ್ದರೆ ಹೊಸ ರಿಬ್ಬೇ ಗತಿ.