ಕೊಳ್ಳುವವನ ಕೈಗೆ ಬಂದ ತಕ್ಕಡಿ

ಕೊಳ್ಳುವುದು ಮತ್ತು ಮಾರುವುದು ಮಾನವನ ಅತ್ಯಂತ ಪ್ರಾಚೀನ ವ್ಯವಹಾರಗಳಲ್ಲೊಂದು. ಒಬ್ಬನ ಬಳಿ ಜೋಳವುಂಟು, ಮತ್ತೊಬ್ಬನಿಗೆ ಅದು ಬೇಕು. ಮತ್ತೊಬ್ಬನ ಬಳಿ ಹಣವುಂಟು, ಮೊದಲಿನವನಿಗೆ ಅದು ಬೇಕು. ಕೇಳುವುದಕ್ಕೆ ಇದು ಬಹು ಸರಳವಾದ ಸಂಗತಿ. ಆದರೆ ಈ ಇಬ್ಬರ ನಡುವೆ ಸಂಶಯವೆಂಬುದೊಂದು ಯಾವಾಗಲೂ ನಿಂತಿರುತ್ತದೆ. ತೂಕ ಸರಿಯಾಗಿದೆಯೆ? ಲೆಕ್ಕ ಸರಿಯಾಗಿದೆಯೆ? ಹಣ ಪೂರ್ತಿ ಬಂದಿದೆಯೆ? ಈ ಸಂಶಯವನ್ನು ನಿವಾರಿಸುವುದಕ್ಕಾಗಿಯೇ ಮನುಷ್ಯನು ತಕ್ಕಡಿಯನ್ನು ಕಂಡುಹಿಡಿದನು. ಅಳತೆಯ ಪಾತ್ರೆಗಳನ್ನು ಮಾಡಿದನು. ನಾಣ್ಯಗಳ ಮೇಲೆ ಮುದ್ರೆಯೊತ್ತಿದನು. ಇಂದು ಆ ಸಾಲಿಗೆ ಹೊಸದೊಂದು ಸಾಧನ ಬಂದು ಸೇರಿದೆ. ಕೊಳ್ಳುವವನೇ ತನ್ನ ಸರಕಿನ ಲೆಕ್ಕ ಮಾಡಿ, ತಾನೇ ಹಣ ಸಲ್ಲಿಸಿ ಹೊರಡುವಂತೆ ಮಾಡುವ ಯಂತ್ರವದು. ಈ ಬದಲಾವಣೆಯ ಅರ್ಥವನ್ನು ತಿಳಿಯಬೇಕಾದರೆ ಮೊದಲು ಸಂತೆಯನ್ನು ನೋಡಬೇಕು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳು ಕೊಡುಕೊಳ್ಳುವಿಕೆಯಲ್ಲಿ ಪಳಗಿದ ಊರುಗಳು. ಬೈಲಹೊಂಗಲವು ಹತ್ತಿಯ ಮತ್ತು ಕಾಳುಕಡಿಯ ವ್ಯಾಪಾರಕ್ಕೆ ಹೆಸರಾದುದು. ಕಿತ್ತೂರು ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ದಿನಗಳಲ್ಲಿ ಬರುವ ಅಸಂಖ್ಯ ಭಕ್ತರು ಕಾಯಿ, ಕರ್ಪೂರ, ಭಂಡಾರ, ಕುಂಕುಮ, ಬಳೆಗಳನ್ನು ಕೊಳ್ಳುತ್ತಾರೆ. ಮಲಪ್ರಭೆಯ ದಂಡೆಯಲ್ಲಿರುವ ರಾಮದುರ್ಗವು ನೇಕಾರರ ಊರು. ಇಂತಹ ಊರುಗಳ ಸಂತೆಯಲ್ಲಿ ನಂಬಿಕೆಯನ್ನು ಗಳಿಸುವ ಕ್ರಮವೇ ಬೇರೆ. ಮಾರುವವನು ಮೊದಲು ಬರಿಯ ತಕ್ಕಡಿಯನ್ನು ಎತ್ತಿ ತೋರಿಸುತ್ತಾನೆ. ಎರಡು ಪರಡಿಗಳೂ ಸಮನಾಗಿ ನಿಂತುದನ್ನು ಕೊಳ್ಳುವವಳು ಕಣ್ಣಾರೆ ನೋಡುತ್ತಾಳೆ. ತೂಕವಾದ ಮೇಲೆ ಎರಡು ಮೆಣಸಿನಕಾಯಿಯನ್ನೋ ಒಂದು ಹಿಡಿ ಸೊಪ್ಪನ್ನೋ ಮೇಲೆ ಹಾಕುವುದುಂಟು. ಅದಕ್ಕೆ ಕೊಸರು ಎಂದು ಹೆಸರು. ಕಿರಾಣಿ ಅಂಗಡಿಯಲ್ಲಾದರೆ ಉದ್ರಿಯ ವಹಿಯೊಂದು ಇರುತ್ತದೆ; ಸುಗ್ಗಿಯಾದ ಮೇಲೆ ಹಣ ಕೊಡುವ ರೈತನ ಹೆಸರು ಅದರಲ್ಲಿರುತ್ತದೆ. ಇಲ್ಲೆಲ್ಲ ಲೆಕ್ಕವು ಇಬ್ಬರ ಕಣ್ಣೆದುರಿನಲ್ಲಿ, ಇಬ್ಬರ ಮಾತಿನ ನಡುವೆ ನಡೆಯುತ್ತದೆ.

ಹಾಗೆಂದು ಈ ಜನರು ಬದಲಾವಣೆಯನ್ನು ಕಾಣದವರಲ್ಲ. 1956ರ ನವೆಂಬರ್ 1ರಂದು ಈ ಪ್ರದೇಶವು ಮುಂಬಯಿ ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಅದುವರೆಗೆ 16 ಆಣೆಗಳಾಗಿದ್ದ ರೂಪಾಯಿ ಅಂದಿನಿಂದ 100 ನಯಾ ಪೈಸೆಗಳಾಯಿತು. ಲೆಕ್ಕದ ಪ್ರಕಾರ 1 ಆಣೆಗೆ ಆರೂಕಾಲು ನಯಾ ಪೈಸೆ; ಕಾಲು ಪೈಸೆಯ ನಾಣ್ಯವಂತೂ ಇರಲಿಲ್ಲ. ಆದುದರಿಂದ ಒಂದಾಣೆಯ ಸಾಮಾನಿಗೆ 6 ಕೊಡಬೇಕೋ 7 ಕೊಡಬೇಕೋ ಎಂಬ ಪ್ರಶ್ನೆ ಎದ್ದುದು ಸಹಜವೇ. 1958ರ ಅಕ್ಟೋಬರ್ ತಿಂಗಳಿನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದುವು. 80 ತೊಲದ ಸೇರು ಸುಮಾರು 933 ಗ್ರಾಂ ಆಗುತ್ತದೆ. ಸೇರು, ಪಾವು, ಚಟಾಕುಗಳಲ್ಲಿ ಬಾಯಿಲೆಕ್ಕ ಮಾಡುತ್ತಿದ್ದ ಹಿರಿಯರಿಗೆ ಕಿಲೋಗ್ರಾಂ ಅಪರಿಚಿತ ಅತಿಥಿಯಾಗಿತ್ತು. ಕಾಲಕ್ರಮದಲ್ಲಿ ಆ ಅತಿಥಿಯು ಮನೆಯವನೇ ಆದನು. ಇದಕ್ಕೆ ಕಾರಣ ಎರಡು. ತೂಕದ ಕಲ್ಲುಗಳ ಮೇಲೆ ಸರಕಾರದ ಮುದ್ರೆಯಿದ್ದಿತು. ಶಾಲೆಗೆ ಹೋಗುವ ಮಕ್ಕಳು ಹೊಸ ಲೆಕ್ಕವನ್ನು ಕಲಿತು ಮನೆಯವರಿಗೆ ಕಲಿಸಿದರು.

ಇದಕ್ಕೂ ಮೊದಲೇ ಅಮೆರಿಕದಲ್ಲಿ ವ್ಯಾಪಾರವು ಮತ್ತೊಂದು ದಾರಿ ಹಿಡಿದಿತ್ತು. ಅಲ್ಲಿಯೂ ಗಿರಾಕಿಯು ಕಟ್ಟೆಯ ಹೊರಗೆ ನಿಂತು ಬೇಕಾದುದನ್ನು ಹೇಳುವುದು, ಅಂಗಡಿಯವನು ತಂದುಕೊಡುವುದು ವಾಡಿಕೆಯಾಗಿತ್ತು. 1916ರಲ್ಲಿ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕನು ಪಿಗ್ಲಿ ವಿಗ್ಲಿ ಎಂಬ ಅಂಗಡಿಯನ್ನು ತೆರೆದು, ಗಿರಾಕಿಗಳು ತಾವೇ ಒಳಗೆ ಸುತ್ತಾಡಿ ಸಾಮಾನನ್ನು ಬುಟ್ಟಿಗೆ ಹಾಕಿಕೊಳ್ಳುವ ಏರ್ಪಾಡು ಮಾಡಿದನು. ಆರಿಸುವ ಕೆಲಸ ಹೀಗೆ ಕೊಳ್ಳುವವನ ಪಾಲಿಗೆ ಬಂದಿತು. ಲೆಕ್ಕದ ಕೆಲಸ ಮಾತ್ರ ಇನ್ನೂ ಗುಮಾಸ್ತನಲ್ಲಿಯೇ ಉಳಿದಿತ್ತು.

ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದುದು ಬಾರ್‌ಕೋಡ್. ಬಿಸ್ಕತ್ತಿನ ಪೊಟ್ಟಣದ ಮೇಲೆ, ಸಾಬೂನಿನ ಹೊದಿಕೆಯ ಮೇಲೆ ಕಾಣುವ ಕಪ್ಪು ಗೆರೆಗಳ ಪಟ್ಟಿಯೇ ಅದು. 1974ರ ಜೂನ್ 26ರಂದು ಅಮೆರಿಕದ ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣವೊಂದು ಈ ರೀತಿಯಲ್ಲಿ ಮೊಟ್ಟಮೊದಲು ಮಾರಾಟವಾಯಿತು. ಗೆರೆಗಳ ಕೆಳಗಿನ ಅಂಕಿಗಳನ್ನೇ ಗೆರೆಗಳು ಯಂತ್ರದ ಭಾಷೆಯಲ್ಲಿ ಹೇಳುತ್ತವೆ. ಭಾರತದಲ್ಲಿ ನೋಂದಾಯಿತವಾದ ಸಂಕೇತಗಳು ಸಾಮಾನ್ಯವಾಗಿ 890ರಿಂದ ಆರಂಭವಾಗುತ್ತವೆ. ಒಟ್ಟು 13 ಅಂಕಿಗಳಲ್ಲಿ ಕೊನೆಯದು ಕಾವಲುಗಾರನಿದ್ದಂತೆ. ಉದಾಹರಣೆಗೆ 8901234567890 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಬಹುದು. ಮೊದಲ 12 ಅಂಕಿಗಳಲ್ಲಿ ಬೆಸ ಸ್ಥಾನದವುಗಳನ್ನು ಕೂಡಿಸಿದರೆ 28. ಸಮ ಸ್ಥಾನದವುಗಳನ್ನು ಕೂಡಿಸಿದರೆ 34. ಅದನ್ನು ಮೂರರಿಂದ ಗುಣಿಸಿದರೆ 102. ಎರಡರ ಮೊತ್ತ 130. ಇದು ಹತ್ತರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಕೊನೆಯ ಅಂಕಿ 0 ಆಗಿದೆ. ಯಾವುದೇ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ಈ ಲೆಕ್ಕ ಹೊಂದುವುದಿಲ್ಲ. ಯಂತ್ರವು ಅದನ್ನು ಸ್ವೀಕರಿಸುವುದಿಲ್ಲ.

ಇಷ್ಟಾದ ಮೇಲೆ ಗುಮಾಸ್ತನ ಕೈ ಮಾಡುವ ಕೆಲಸವನ್ನು ಗಿರಾಕಿಯ ಕೈ ಏಕೆ ಮಾಡಬಾರದು ಎಂಬ ಆಲೋಚನೆ ಮೂಡಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಡೇವಿಡ್ ಹಂಬಲ್ ಎಂಬಾತನು ಸ್ವಯಂಪಾವತಿ ಯಂತ್ರವನ್ನು ಬಳಕೆಗೆ ತಂದನು. ಗಿರಾಕಿಯು ಒಂದೊಂದೇ ಸಾಮಾನನ್ನು ಯಂತ್ರದ ಬೆಳಕಿಗೆ ಹಿಡಿಯುತ್ತಾನೆ. ಬೆಲೆಯು ಪರದೆಯ ಮೇಲೆ ಮೂಡುತ್ತದೆ. ಕೊನೆಯಲ್ಲಿ ಹಣ ಸಲ್ಲಿಸಿ ಹೊರಡುತ್ತಾನೆ. ಇಂತಹ ಬಹುತೇಕ ಯಂತ್ರಗಳಲ್ಲಿ ಸಾಮಾನಿನ ಚೀಲವನ್ನಿಡುವ ಹಲಗೆಯ ಕೆಳಗೆ ಒಂದು ತಕ್ಕಡಿ ಅಡಗಿರುತ್ತದೆ. ಬೆಳಕಿಗೆ ಹಿಡಿದ ವಸ್ತುವಿನ ತೂಕಕ್ಕೂ ಚೀಲಕ್ಕೆ ಬಿದ್ದ ವಸ್ತುವಿನ ತೂಕಕ್ಕೂ ವ್ಯತ್ಯಾಸ ಕಂಡರೆ ಯಂತ್ರವು ನಿಂತುಬಿಡುತ್ತದೆ, ಸಹಾಯಕನನ್ನು ಕರೆಯುತ್ತದೆ. ಹಿಂದೆ ಸಂತೆಯಲ್ಲಿ ಕೊಳ್ಳುವವನು ಮಾರುವವನ ತಕ್ಕಡಿಯನ್ನು ಸಂಶಯದಿಂದ ನೋಡುತ್ತಿದ್ದನು. ಇಲ್ಲಿಯಾದರೋ ಮಾರುವವನ ತಕ್ಕಡಿಯೇ ಕೊಳ್ಳುವವನನ್ನು ಸಂಶಯದಿಂದ ನೋಡುತ್ತದೆ!

ಈ ಯಂತ್ರದ ಬಗೆಗೆ ಗಿರಾಕಿಗಳ ಅನುಭವ ಒಂದೇ ತೆರನಾಗಿಲ್ಲ. ಎರಡೇ ಸಾಮಾನು ಕೊಂಡವನಿಗೆ ಉದ್ದನೆಯ ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪುತ್ತದೆ. ಪ್ರತಿಯೊಂದು ವಸ್ತುವಿನ ಬೆಲೆ ಕಣ್ಣೆದುರಿಗೇ ಮೂಡುವುದರಿಂದ ಲೆಕ್ಕದಲ್ಲಿ ಮೋಸ ಹೋಗುವ ಭಯ ಕಡಿಮೆಯಾಗುತ್ತದೆ. ಆದರೆ ಬಾರ್‌ಕೋಡ್ ಇಲ್ಲದ ಬದನೆಕಾಯಿಯನ್ನೋ ಬಾಳೆಹಣ್ಣನ್ನೋ ಕೊಂಡವನು ಪರದೆಯ ಮೇಲಿನ ಚಿತ್ರಗಳಲ್ಲಿ ಅದನ್ನು ಹುಡುಕಬೇಕಾಗುತ್ತದೆ. ಅಕ್ಷರ ಬಾರದವರಿಗೆ, ಕಣ್ಣು ಮಂದವಾದವರಿಗೆ, ಕೈ ನಡುಗುವ ವೃದ್ಧರಿಗೆ ಪರದೆಯು ಮುಚ್ಚಿದ ಬಾಗಿಲಿನಂತೆ ತೋರುತ್ತದೆ. ಯಂತ್ರ ತಡವರಿಸಿದಾಗ ಹಿಂದೆ ನಿಂತವರ ನೋಟವು ಯಂತ್ರದ ಮೇಲೆ ಬೀಳುವುದಿಲ್ಲ, ಗಿರಾಕಿಯ ಮೇಲೆ ಬೀಳುತ್ತದೆ. ನಿರಪರಾಧಿಯೂ ನಾಚಿಕೆಪಡುವ ಸಂದರ್ಭವದು. ಬ್ರಿಟನ್ನಿನ ಬೂತ್ಸ್ ಎಂಬ ಅಂಗಡಿಗಳ ಸಮೂಹವು 2023ರಲ್ಲಿ ತನ್ನ 28 ಅಂಗಡಿಗಳ ಪೈಕಿ ಎರಡನ್ನುಳಿದು ಮಿಕ್ಕೆಲ್ಲ ಕಡೆ ಈ ಯಂತ್ರಗಳನ್ನು ತೆಗೆದು ಮನುಷ್ಯರನ್ನೇ ಕೂರಿಸುವುದಾಗಿ ಪ್ರಕಟಿಸಿತು. ನೆದರ್‌ಲೆಂಡ್ಸ್ ದೇಶದ ಯುಂಬೋ ಎಂಬ ಸಂಸ್ಥೆಯು 2019ರಲ್ಲಿ ಇನ್ನೂ ಮುಂದೆ ಹೋಗಿ, ಅವಸರವಿಲ್ಲದ ಗಿರಾಕಿಗಳು ಗುಮಾಸ್ತರೊಡನೆ ನಾಲ್ಕು ಮಾತಾಡಿ ಹಣ ಕೊಡುವ ‘ಹರಟೆಯ ಕಟ್ಟೆ’ಯನ್ನೇ ತೆರೆಯಿತು. ಒಂಟಿಯಾಗಿ ಬಾಳುವ ವೃದ್ಧರಿಗೆ ಅಂಗಡಿಯ ಮಾತೂ ಒಂದು ಆಸರೆಯೆಂಬುದನ್ನು ಅಲ್ಲಿಯ ವರ್ತಕರು ಮನಗಂಡರು. ಸಂತೆಯ ಮುದುಕಿಯು ಸೊಪ್ಪಿನ ಜೊತೆಗೆ ಮನೆಯವರ ಕ್ಷೇಮವನ್ನೂ ವಿಚಾರಿಸುವುದರ ಬೆಲೆ ಇದರಿಂದ ತಿಳಿಯುತ್ತದೆ.

ಮಲಪ್ರಭೆಯ ಸೀಮೆಯ ಊರುಗಳಲ್ಲಿ ಇಂತಹ ಯಂತ್ರವು ಸಾಮಾನ್ಯ ನೋಟವಲ್ಲ. ಆದರೆ ಅದರ ತಿರುಳು ಬೇರೊಂದು ವೇಷದಲ್ಲಿ ಸಂತೆಯ ಗೋಣಿತಟ್ಟಿನ ಮೇಲೆಯೇ ಬಂದು ಕುಳಿತಿದೆ. ಕಾಯಿಪಲ್ಲೆಯ ಬುಟ್ಟಿಗೆ, ಚಹದ ಅಂಗಡಿಯ ಗೋಡೆಗೆ, ಬಳೆಗಾರರ ಪೆಟ್ಟಿಗೆಗೆ ಅಂಟಿಸಿರುವ ಕ್ಯೂಆರ್ ಸಂಕೇತದ ಚೌಕವೇ ಅದು. 1994ರಲ್ಲಿ ಜಪಾನಿನ ಮಸಾಹಿರೊ ಹಾರಾ ಎಂಬ ಇಂಜಿನಿಯರ್ ಮತ್ತು ಅವರ ಸಂಗಡಿಗರು ಮೋಟಾರುಗಳ ಬಿಡಿಭಾಗಗಳನ್ನು ಗುರುತಿಸುವುದಕ್ಕಾಗಿ ಇದನ್ನು ರೂಪಿಸಿದರು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳ ನೆರವಿನಿಂದ, ಯಾವ ದಿಕ್ಕಿನಿಂದ ಹಿಡಿದರೂ ಯಂತ್ರವು ಇದನ್ನು ಓದಬಲ್ಲದು. ಭಾರತದಲ್ಲಿ 2016ರ ಏಪ್ರಿಲ್ ತಿಂಗಳಲ್ಲಿ ಯುಪಿಐ ಎಂಬ ಪಾವತಿಯ ವ್ಯವಸ್ಥೆ ಆರಂಭವಾಯಿತು. ಅದೇ ವರ್ಷದ ನವೆಂಬರ್ 8ರಂದು 500 ಮತ್ತು 1,000 ರೂಪಾಯಿಗಳ ಹಳೆಯ ನೋಟುಗಳು ರದ್ದಾದ ಬಳಿಕ ಮೊಬೈಲಿನಿಂದ ಹಣ ಕೊಡುವ ರೂಢಿಗೆ ಒತ್ತಾಸೆ ದೊರೆಯಿತು.

ಇಲ್ಲಿಯೂ ಕೊಳ್ಳುವವನೇ ಸಂಕೇತವನ್ನು ಓದಿಸುತ್ತಾನೆ, ತಾನೇ ಮೊತ್ತವನ್ನು ಬರೆಯುತ್ತಾನೆ, ತಾನೇ ಹಣ ಕಳುಹಿಸುತ್ತಾನೆ. ಗಲ್ಲೆಯ ಮೇಲೆ ಕುಳಿತವನ ಕೆಲಸ ಅವನ ಕೈಗೆ ಬಂದಿದೆ. ಎರಡೂ ಕೈ ಮಣ್ಣಾದ ಮಾರಾಟಗಾರ್ತಿಯು ತಲೆಯೆತ್ತಿ ನೋಡಬೇಕಾದ ಅಗತ್ಯವಿಲ್ಲ. ಹಣ ಬಂದಿತೆಂದು ಪಕ್ಕದ ಪುಟ್ಟ ಪೆಟ್ಟಿಗೆಯು ಕನ್ನಡದಲ್ಲಿಯೇ ಕೂಗಿ ಹೇಳುವುದುಂಟು. ಆ ಕೂಗು ಇಬ್ಬರಿಗೂ ಕೇಳಿಸುತ್ತದೆ. ಬರಿಯ ತಕ್ಕಡಿಯನ್ನು ಎತ್ತಿ ತೋರಿಸುವ ಪದ್ಧತಿಗೂ ಈ ಕೂಗಿಗೂ ಹತ್ತಿರದ ನಂಟಿದೆ. ಚಿಲ್ಲರೆಯ ಜಗಳ ಇದರಿಂದ ತಪ್ಪಿದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಹಣದ ಚೀಲವನ್ನು ಕಾಯುವ ಚಿಂತೆ ಕಡಿಮೆಯಾಗಿದೆ.

ಆದರೆ ಹೊಸ ಸಾಧನದ ಜೊತೆಗೆ ಹೊಸ ಮೋಸವೂ ಹುಟ್ಟುತ್ತದೆ. ಅಂಗಡಿಯವನ ಸಂಕೇತದ ಮೇಲೆ ತಮ್ಮದನ್ನು ಅಂಟಿಸಿ ಹಣವನ್ನು ಕದಿಯುವವರುಂಟು. ಹಣ ಕಳುಹಿಸಿದಂತೆ ಸುಳ್ಳು ಚಿತ್ರವನ್ನು ತೋರಿಸಿ ಹೊರಟುಹೋಗುವವರುಂಟು. ಹಣ ಬರಬೇಕಾದರೆ ಗುಪ್ತಸಂಖ್ಯೆಯನ್ನು ಒತ್ತಿರಿ ಎಂದು ಹೇಳಿ ಅಮಾಯಕರನ್ನು ವಂಚಿಸುವವರೂ ಉಂಟು. ಹಣ ಕೊಡುವುದಕ್ಕೆ ಮಾತ್ರ ಗುಪ್ತಸಂಖ್ಯೆ ಬೇಕು, ಪಡೆಯುವುದಕ್ಕೆ ಬೇಕಿಲ್ಲ ಎಂಬ ಒಂದು ಮಾತನ್ನು ಪ್ರತಿಯೊಂದು ಮನೆಯಲ್ಲಿಯೂ ತಿಳಿಸಿಕೊಟ್ಟರೆ ಎಷ್ಟೋ ಬಡವರ ದುಡಿಮೆ ಉಳಿಯುತ್ತದೆ. ಮೊಬೈಲಿಲ್ಲದ ಕೂಲಿಯವನಿಗೆ, ನೋಟನ್ನೇ ಬಲ್ಲ ಅಜ್ಜಿಗೆ ಅಂಗಡಿಯಲ್ಲಿ ಮೊದಲಿನಂತೆಯೇ ಮರ್ಯಾದೆ ದೊರೆಯಬೇಕು. ಯಂತ್ರದಿಂದಾಗಿ ಗುಮಾಸ್ತರ ಕೆಲಸಕ್ಕೆ ಕುತ್ತು ಬಂದರೆ ಅವರ ಮನೆಯ ಒಲೆಯ ಬಗೆಗೂ ಸಮಾಜವು ಯೋಚಿಸಬೇಕು. ಉದ್ರಿಯನ್ನು ಕೊಡುವ ಮನಸ್ಸೂ ಕೊಸರನ್ನು ಹಾಕುವ ಕೈಯೂ ಯಾವ ಯಂತ್ರಕ್ಕೂ ಇಲ್ಲ.

ಕೊಳ್ಳುವವರ ರಕ್ಷಣೆಗೆ ಕಾಯಿದೆಗಳಿವೆ. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಪ್ರಕಾರ ವ್ಯಾಪಾರದ ತಕ್ಕಡಿಗಳನ್ನು ಕಾಲಕಾಲಕ್ಕೆ ಪರಿಶೀಲಿಸಿ ಮುದ್ರೆ ಹಾಕಬೇಕು. ವಿದ್ಯುನ್ಮಾನ ತಕ್ಕಡಿಗೂ ಈ ನಿಯಮ ಅನ್ವಯಿಸುತ್ತದೆ. ಪೊಟ್ಟಣಗಳ ಮೇಲೆ ನಿವ್ವಳ ತೂಕವನ್ನೂ ಗರಿಷ್ಠ ಮಾರಾಟ ಬೆಲೆಯನ್ನೂ ಮುದ್ರಿಸಿರಬೇಕು. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಸ್ಥಾನದಲ್ಲಿ 2019ರ ಹೊಸ ಅಧಿನಿಯಮ ಬಂದಿದೆ. ಅನ್ಯಾಯಕ್ಕೊಳಗಾದವರು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಬಹುದು. ಆದರೆ ಕಾಯಿದೆಯು ಎಚ್ಚತ್ತವನಿಗೆ ಮಾತ್ರ ನೆರವಾಗುತ್ತದೆ. ರಸೀದಿಯನ್ನು ಕೇಳಿ ಪಡೆಯುವುದು, ಪರದೆಯ ಮೇಲಿನ ಹೆಸರನ್ನು ಓದಿ ಅಂಗಡಿಯವರಿಂದ ಖಚಿತಪಡಿಸಿಕೊಂಡೇ ಹಣ ಕಳುಹಿಸುವುದು, ತೂಕವಾಗುವ ಮುನ್ನ ತಕ್ಕಡಿಯು ಸೊನ್ನೆಯಲ್ಲಿದೆಯೇ ಎಂದು ನೋಡುವುದು ಎಲ್ಲರೂ ರೂಢಿಸಿಕೊಳ್ಳಬೇಕಾದ ಅಭ್ಯಾಸಗಳು. ನಯಾ ಪೈಸೆಯ ಕಾಲದಲ್ಲಿ ಮಕ್ಕಳು ಮನೆಯ ಹಿರಿಯರಿಗೆ ಗುರುಗಳಾದಂತೆ ಇಂದಿನ ವಿದ್ಯಾರ್ಥಿಗಳೂ ಆಗಬಲ್ಲರು. ಯಂತ್ರದ ಮುಂದೆ ತಬ್ಬಿಬ್ಬಾದ ಹಿರಿಯರನ್ನು ಕಂಡು ನಗದೆ, ಅವರ ಕೈಯಿಂದಲೇ ಮಾಡಿಸಿ ಕಲಿಸುವುದು ದೊಡ್ಡ ಸೇವೆ.

ತಕ್ಕಡಿಯು ಮಾರುವವನ ಕೈಯಲ್ಲಿದ್ದಾಗ ಪ್ರಾಮಾಣಿಕತೆಯನ್ನು ಅವನಿಂದ ನಿರೀಕ್ಷಿಸುತ್ತಿದ್ದರು. ಅದು ಕೊಳ್ಳುವವನ ಕೈಗೂ ಬಂದ ಮೇಲೆ ಆ ಹೊಣೆಯೂ ಅವನ ಕೈಗೆ ಬಂದಿದೆ. ನೂರು ರೂಪಾಯಿಯ ಸರಕಿಗೆ ಹತ್ತು ರೂಪಾಯಿ ಎಂದು ಬರೆದು ಹೊರಡುವುದು ಗದ್ದಲದ ಸಂತೆಯಲ್ಲಿ ಕಷ್ಟದ ಕೆಲಸವೇನಲ್ಲ. ಬಿಸಿಲಿನಲ್ಲಿ ಕುಳಿತ ಬಡ ಮಾರಾಟಗಾರ್ತಿಗೆ ಅದು ಆ ದಿನದ ಊಟದ ಪ್ರಶ್ನೆ. ಕೊನೆಯ ಅಂಕಿಯ ಬಲದಿಂದ ಯಂತ್ರವು ತಪ್ಪು ಸಂಖ್ಯೆಯನ್ನು ಹಿಡಿಯಬಲ್ಲದು. ತಪ್ಪು ಮನಸ್ಸನ್ನು ಹಿಡಿಯಲಾರದು. ಆ ಕಾವಲನ್ನು ಪ್ರತಿಯೊಬ್ಬ ಗಿರಾಕಿಯೂ ತಾನೇ ಕಾಯಬೇಕು.