ಕಾರ್ಡಿನ ತೂತು ಎಣಿಸಿ ಹೋಗು, ಕೂಸೇ

ಕೂಸೇ, ನಿನಗೆ ಕೃತಕ ಬುದ್ಧಿಮತ್ತೆಯ ವಿಭಾಗದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತೆಂದು ನಿಮ್ಮಪ್ಪ ಹೇಳಿದಾಗ ಮನಸ್ಸು ತುಂಬಿ ಬಂತು. ಆದರೆ ನಿಮ್ಮವ್ವನ ಹತ್ತಿರ ನೀನು, "ಅಲ್ಲಿಗೆ ಬರೋರೆಲ್ಲ ಚಿಕ್ಕಂದಿನಿಂದ ಕಂಪ್ಯೂಟರ್ ಮುಂದೆ ಬೆಳೆದೋರು, ನಾನು ಮಗ್ಗದ ಮನೆಯೋಳು" ಅಂದೆಯಂತೆ. ದೊಡ್ಡಪ್ಪನಾಗಿ ನಾನು ಇದಕ್ಕೆ ಉತ್ತರ ಹೇಳಲೇಬೇಕು. ಮಗ್ಗದ ಮನೆಯಲ್ಲಿ ಬೆಳೆದ ನೀನು ಕಂಪ್ಯೂಟರಿನ ಅಜ್ಜಿಯ ಮಡಿಲಲ್ಲೇ ಬೆಳೆದವಳು ಕಣವ್ವ.

ನಿಮ್ಮ ಮಗ್ಗದ ಮೇಲಿರುವ ಜಕಾರ್ಡ್ ಪೆಟ್ಟಿಗೆಯನ್ನು ಒಮ್ಮೆ ನಿಂತು ನೋಡು. ಲಾಳಿಯ ಒಂದೊಂದು ಓಟಕ್ಕೆ ಒಂದೊಂದು ಕಾರ್ಡು. ಕಾರ್ಡಿನಲ್ಲಿ ತೂತು ಇದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ತನ್ನ ಜಾಗದಲ್ಲೇ ನಿಲ್ಲುತ್ತದೆ, ಕಾಲಲ್ಲಿ ತುಳಿದಾಗ ಹಾಸಿನ ಎಳೆಯನ್ನು ಮೇಲಕ್ಕೆತ್ತುತ್ತದೆ. ತೂತಿಲ್ಲದ ಕಡೆ ಕಾರ್ಡು ಸೂಜಿಯನ್ನು ಹಿಂದಕ್ಕೆ ತಳ್ಳುತ್ತದೆ, ಕೊಕ್ಕೆ ಸರಿಯುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ತೂತು ಇದೆ ಅಥವಾ ಇಲ್ಲ, ಇಷ್ಟೇ. ಕಾಲೇಜಿನಲ್ಲಿ ಇದನ್ನೇ ಒಂದು ಮತ್ತು ಸೊನ್ನೆ ಎಂದು ಕಲಿಸುತ್ತಾರೆ. ಸೆರಗಿನ ಹಂಸ, ಅಂಚಿನ ಮಾವಿನಕಾಯಿ ಎಲ್ಲವೂ ಈ ಎರಡರಿಂದಲೇ ಹುಟ್ಟಿದ್ದು.

ಫ್ರಾನ್ಸಿನ ರೇಷ್ಮೆಯೂರು ಲಿಯಾನ್‌ನವನಾದ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ಈ ಯಂತ್ರವನ್ನು ಒಂದು ರೂಪಕ್ಕೆ ತಂದ. ಅವನಿಗಿಂತ ಮೊದಲೂ ಅಲ್ಲಿ ತೂತಿನ ಕಾಗದದಿಂದ ನೇಯಿಸಲು ನೋಡಿದವರಿದ್ದರು. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ಲೆಕ್ಕದ ಯಂತ್ರದ ನಕ್ಷೆ ಬರೆಯುವಾಗ, ಅದಕ್ಕೆ ಆಜ್ಞೆ ಕೊಡಲು ನೇಕಾರರ ಈ ಕಾರ್ಡುಗಳನ್ನೇ ಎರವಲು ಪಡೆದ. ಜಕಾರ್ಡನ ರೇಷ್ಮೆಯ ಭಾವಚಿತ್ರವೊಂದು ಬ್ಯಾಬೇಜನ ಬಳಿ ಇತ್ತು. ಸುಮಾರು 24,000 ಕಾರ್ಡು ಹೂಡಿ ನೇಯ್ದದ್ದು, ಮುದ್ರಿಸಿದ ಚಿತ್ರವೆಂದೇ ಜನ ಮೋಸಹೋಗುತ್ತಿದ್ದರಂತೆ. ಬ್ಯಾಬೇಜನ ಲೆಕ್ಕದ ಯಂತ್ರದ ಬಗ್ಗೆ 1843ರಲ್ಲಿ ದೀರ್ಘ ಟಿಪ್ಪಣಿ ಬರೆದ ಏಡಾ ಲವ್ಲೇಸ್ ಕೂಡ ಮಗ್ಗವನ್ನೇ ನೆನೆದಳು. ಯಂತ್ರ ತಾನಾಗಿ ಏನನ್ನೂ ಹುಟ್ಟಿಸಲಾರದು, ನಾವು ಹೇಳಿಕೊಡಲು ಬಲ್ಲದ್ದನ್ನಷ್ಟೇ ಮಾಡುತ್ತದೆ ಎಂದು ಅವಳ ಅಭಿಪ್ರಾಯ. 1950ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಈ ಮಾತನ್ನು ಎತ್ತಿಕೊಂಡು ವಾದ ಹೂಡಿದ. ಆ ವಾದ ಇಂದಿಗೂ ಮುಗಿದಿಲ್ಲ, ನೀನು ಹೋಗುವುದು ಅದರ ನಡುವಿಗೇ.

ಒಂದು ಲೆಕ್ಕ ಹೇಳುತ್ತೇನೆ, ನನಗೆ ತುಂಬ ಇಷ್ಟವಾದದ್ದು. 240 ಕೊಕ್ಕೆಯ ಜಕಾರ್ಡಿಗೆ ಎಷ್ಟು ಬಗೆಯ ಕಾರ್ಡು ಹೊಡೆಯಬಹುದು? ಪ್ರತಿ ಜಾಗಕ್ಕೂ ಎರಡು ಆಯ್ಕೆ, ಎರಡನ್ನು 240 ಸಲ ಗುಣಿಸಬೇಕು. ಬರುವುದು 73 ಅಂಕಿಯ ಸಂಖ್ಯೆ. ಇಡೀ ಭೂಮಿಯಲ್ಲಿರುವ ಪರಮಾಣುಗಳನ್ನು ಅಂದಾಜಿಸಿದರೂ 51 ಅಂಕಿಯ ಆಸುಪಾಸಿಗೆ ನಿಲ್ಲುತ್ತದೆ. ಅಷ್ಟು ಕಾರ್ಡುಗಳಲ್ಲಿ ಬಹುಪಾಲು ಹೊಡೆದು ನೇಯ್ದರೆ ಬರಿಯ ಗಜಿಬಿಜಿ. ಹಂಸವಾಗುವ ಕೆಲವೇ ಕೆಲವನ್ನು ಹುಡುಕಿ ತೆಗೆದವನು ಗ್ರಾಫ್ ಕಾಗದದ ಮೇಲೆ ಚೌಕ ತುಂಬಿದ ಡಿಸೈನಿನವನು. ಗಣಿತವೆಂದರೆ ನನಗೆ ಮೊದಲು ಅರ್ಥವಾದದ್ದು ಅವನ ಕೈ ನೋಡಿ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯ. ಸೀರೆಯಲ್ಲಿ ತಪ್ಪು ಕಂಡಾಗ ನಿಮ್ಮಪ್ಪ ಏನು ಮಾಡುತ್ತಾನೆ, ನೋಡಿದ್ದೀಯಲ್ಲ? ತಪ್ಪು ಒಂದೇ ಕಡೆ ಇದ್ದರೆ ಎಳೆ ತುಂಡಾಗಿರಬೇಕು, ಇಲ್ಲವೇ ಕೈ ತಪ್ಪಿರಬೇಕು. ಉದ್ದಕ್ಕೂ ಗೆರೆಯಾಗಿ ಬಂದರೆ ಯಾವುದೋ ಕೊಕ್ಕೆ ಎತ್ತುತ್ತಿಲ್ಲ. ಹೂವು ಮರುಕಳಿಸಿದಾಗಲೆಲ್ಲ ಅದೇ ಜಾಗದಲ್ಲಿ ಬಂದರೆ ಕಾರ್ಡಿನಲ್ಲೇ ದೋಷ, ಏಕೆಂದರೆ ಕಾರ್ಡಿನ ಸರಪಳಿ ಸುತ್ತಿ ಸುತ್ತಿ ಬರುತ್ತದೆ. ಬಟ್ಟೆ ನೋಡಿ, ಹಿಂದಕ್ಕೆ ಎಣಿಸಿ, ಆ ಒಂದು ಕಾರ್ಡನ್ನು ಹಿಡಿದು ತೂತು ಮುಚ್ಚುತ್ತಾನೆ. ಕಾಲೇಜಿನಲ್ಲಿ ಇದಕ್ಕೆ ಡೀಬಗಿಂಗ್ ಎನ್ನುತ್ತಾರೆ. ನೀನು ಅದನ್ನು ತೊಟ್ಟಿಲಿನಿಂದಲೇ ನೋಡಿದವಳು.

ಕೃತಕ ಬುದ್ಧಿಮತ್ತೆಯಲ್ಲಿ ಕಷ್ಟ ಬರುವುದು ಇಲ್ಲೇ. ಅದರ ಕಾರ್ಡನ್ನು ಯಾರೂ ಕೂತು ಹೊಡೆಯುವುದಿಲ್ಲ. ಅಪಾರ ಬರಹವನ್ನು ತೋರಿಸಿ, ಮುಂದಿನ ಪದ ಯಾವುದೆಂದು ಊಹೆ ಮಾಡಿಸಿ, ತಪ್ಪಿದಾಗಲೆಲ್ಲ ಒಳಗಿನ ಸಂಖ್ಯೆಗಳನ್ನು ಚೂರು ಚೂರು ತಿದ್ದುತ್ತಾ ಹೋಗುತ್ತಾರೆ. 2020ರಲ್ಲಿ ಬಂದ ಜಿಪಿಟಿ-3 ಎಂಬ ಮಾದರಿಯಲ್ಲಿ ಅಂಥ ಸಂಖ್ಯೆಗಳು 17,500 ಕೋಟಿ. ತಪ್ಪು ಉತ್ತರ ಬಂದರೆ ಯಾವ ಸಂಖ್ಯೆಯಿಂದ ಬಂತೆಂದು ನಿಮ್ಮಪ್ಪ ಕಾರ್ಡು ಹಿಡಿದಂತೆ ಬೆರಳಿಟ್ಟು ತೋರಿಸಲು ಅದನ್ನು ಕಟ್ಟಿದವರಿಗೂ ಆಗದು. ಒಳಗೆ ಏನು ನಡೆಯುತ್ತದೆಂದು ತಿಳಿಯುವುದೇ ಈಗ ದೊಡ್ಡ ಸಂಶೋಧನೆಯಾಗಿದೆ. ಅದಕ್ಕೆ ಬೇಕಾದದ್ದು ಹಿಂದಕ್ಕೆ ಎಣಿಸುವ ತಾಳ್ಮೆ. ನಿನಗೆ ಅದು ಇದೆ ಎಂದು ನನಗೆ ನಂಬಿಕೆ ಇರುವುದರಿಂದಲೇ ಇಷ್ಟು ಹೇಳುತ್ತಿದ್ದೇನೆ.

ಹಾಗಾಗಿ ಕೇಳು. ಯಂತ್ರದ ಉತ್ತರ ಎಷ್ಟೇ ನಯವಾಗಿರಲಿ, ಅದು ಬಂದ ದಾರಿಯಲ್ಲಿ ನೀನು ಒಮ್ಮೆಯಾದರೂ ನಡೆದು ನೋಡದೆ ಒಪ್ಪಬೇಡ. ಮೊದಲ ವರ್ಷದ ಲೆಕ್ಕಗಳನ್ನು ಅದಕ್ಕೆ ಕೊಟ್ಟು ಬರೆಸಿಕೊಂಡರೆ ಅಂಕ ಬರಬಹುದು, ಕಾರ್ಡು ಓದುವ ಕಣ್ಣು ಬರುವುದಿಲ್ಲ. ಸಣ್ಣದನ್ನು ಕೈಯಲ್ಲಿ ಮಾಡು, ಆಮೇಲೆ ದೊಡ್ಡದನ್ನು ಯಂತ್ರಕ್ಕೆ ಹೇಳು.

ನಮ್ಮ ನುಡಿಗೂ ಇಂಥ ಕಣ್ಣು ಬೇಕು. ನಮ್ಮ ಸೀಮೆಯ ಕೊಳ್ಳೇಗಾಲ ಎಂಬ ಹೆಸರು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರು ಕಾಗುಣಿತ, ಒತ್ತು ಎಲ್ಲವನ್ನೂ ಬಿಡಿಸಿ ಒಂಬತ್ತು ಚಿಹ್ನೆಗಳಾಗಿ ಇಟ್ಟುಕೊಳ್ಳುತ್ತದೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಒಂದು-ಸೊನ್ನೆ ಬರೆಯುವ 24 ಜಾಗ ಬೇಕು, ಇಂಗ್ಲಿಷಿನ ಅಕ್ಷರಕ್ಕೆ ಎಂಟೇ ಸಾಕು. ಅದರ ಮೇಲೆ ಭಾಷಾ ಮಾದರಿಗಳು ಪದವನ್ನು ತಮಗೆ ತೋಚಿದ ತುಂಡುಗಳಾಗಿ ಕತ್ತರಿಸಿ ನೋಡುತ್ತವೆ, ಕನ್ನಡವಾದರೆ ತುಂಡು ಹೆಚ್ಚು. ಅಕ್ಷರ ಎಣಿಸಲು ಹೇಳಿದಾಗ ಅವು ಎಡವುವುದಕ್ಕೆ ಇದೂ ಒಂದು ಕಾರಣ. ಇದನ್ನು ಸರಿಪಡಿಸುವವರು ಕನ್ನಡ ಬಲ್ಲವರೇ ಆಗಬೇಕು, ಹೊರಗಿನವರಿಗೆ ಆ ತಪ್ಪು ಕಾಣುವುದೇ ಇಲ್ಲ.

ಈಗ ಲೆಕ್ಕ ಹಾಕು. ಕೊಳ್ಳೇಗಾಲಕ್ಕೆ ಒಂಬತ್ತು ಇಪ್ಪತ್ನಾಲ್ಕಲೆ 216 ಜಾಗ. 240ರ ಒಂದೇ ಕಾರ್ಡಿನಲ್ಲಿ ಊರಿನ ಹೆಸರು ಕೂತು ಇನ್ನೂ 24 ಜಾಗ ಮಿಗುತ್ತದೆ. ಪಕ್ಕದ ಯಳಂದೂರಿಗೆ 168. ಹನೂರಿಗೆ ಸರಿಯಾಗಿ 120, ಅಂದರೆ 120 ಕೊಕ್ಕೆಯ ಚಿಕ್ಕ ಜಕಾರ್ಡಿನ ಕಾರ್ಡಿಗೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಹಿಂದೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಹಿಪ್ಪುನೇರಳೆಯೆಲ್ಲ ಹೆಚ್ಚುಕಡಿಮೆ ಇಲ್ಲೇ ಬೆಳೆಯುತ್ತಿತ್ತು. ಅಂಥ ಸೀಮೆಯ ಹೆಸರು ಕಾರ್ಡಿನಲ್ಲಿ ಹೀಗೆ ಕೂರುವುದನ್ನು ಮೊದಲ ಸಲ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಸ್ಟೆಲಿಗೆ ಹೊರಡುವ ಮೊದಲು ಅಪ್ಪನ ಜೊತೆ ಕೂತು ಹನೂರಿನ ಕಾರ್ಡು ಮಾಡು. ಯೂನಿಕೋಡ್ ಪಟ್ಟಿಯಲ್ಲಿ ಹ ಅಕ್ಷರದ ಸಂಖ್ಯೆ 3257. ಅದು ಯುಟಿಎಫ್-8ರಲ್ಲಿ 11100000 10110010 10111001 ಆಗುತ್ತದೆ. ಒಂದು ಇದ್ದಲ್ಲಿ ತೂತು, ಸೊನ್ನೆ ಇದ್ದಲ್ಲಿ ಖಾಲಿ. ಆಮೇಲೆ ನ, ಅದರ ದೀರ್ಘದ ಕೊಂಬು, ರ, ಅದರ ಕೊಂಬು, ಈ ನಾಲ್ಕನ್ನು ನೀನೇ ಬಿಡಿಸು. ಮುಗಿದ ಮೇಲೆ ಯಂತ್ರಕ್ಕೂ ಇದೇ ಪ್ರಶ್ನೆ ಕೇಳಿ ಎರಡನ್ನೂ ಪಕ್ಕಪಕ್ಕ ಇಡು. ಒಟ್ಟು 52 ತೂತು, 68 ಖಾಲಿ ಬರಬೇಕು. ಬೇರೆ ಬಂದರೆ ಪ್ರತಿ ಚಿಹ್ನೆಯ ಮೊದಲ ಎಂಟು ಜಾಗ ಬಿಡು, ಅವು ಐದಕ್ಕೂ ಒಂದೇ. ಉಳಿದ ಹದಿನಾರರಲ್ಲಿ ಹುಡುಕು.